ವೇದಾವತಿ ಕೊಡದ ಮಾತು

ಸ್ನೇಹಲತಾ ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಅವಳು ಮಾಡಿದ ತಪ್ಪಿಗೆ ಒಂದು ವಾರವಾಗಿತ್ತು. ಹುಲಿಕುಂಟೆ ಪಕ್ಕದ ಹಟ್ಟಿಯ ಐದನೇ ಕ್ಲಾಸಿನ ಹುಡುಗಿಯೊಬ್ಬಳು ರಜೆಗೆಂದು ಬಲಸಮುದ್ರದ ನೆಂಟರ ಮನೆಗೆ ಹೋಗಿ ಬಂದವಳು ಮಾತೇ ಬಿಟ್ಟಿದ್ದಳು. ಅವಳ ಹೆಸರು ನಮಗೆ ಬೇಡ. ಮೇಷ್ಟ್ರು ಫೋನ್ ಮಾಡಿದ್ದೇ ತಡ, ಸ್ನೇಹಲತಾ ಬೋರ್ಡು ಹಾಕಿದ ಇಲಾಖೆಯ ಜೀಪಿನಲ್ಲಿ ಧಾವಿಸಿ, "ಯಾರಿಗೂ ಗೊತ್ತಾಗಲ್ಲ, ಹೇಳು ಪುಟ್ಟಿ" ಎಂದಿದ್ದಳು. ಜೀಪು ತಿರುಗುವಷ್ಟರಲ್ಲಿ ಊರೆಲ್ಲ ಗುಲ್ಲಾಯಿತು. ಹುಡುಗಿ ಇನ್ನಷ್ಟು ಬಾಯಿ ಬಿಗಿದುಕೊಂಡಳು. ಊರ ಬಾಯಿಗೆ ಹೆದರಿದ ಹುಡುಗಿಯ ಅಜ್ಜಿ ಕೆಂಪಕ್ಕ, ಈಗ ನಾಳೆಯೇ ಅವಳನ್ನು ಮತ್ತೆ ಬಲಸಮುದ್ರಕ್ಕೆ ಕಳಿಸುವುದೆಂದು ತೀರ್ಮಾನಿಸಿದ್ದಳು.

ಹಿರಿಯ ಸಹೋದ್ಯೋಗಿ ವೇದಾವತಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಶಿರಾದಲ್ಲಿ ಅವಳನ್ನೂ ಜೊತೆಗೆ ಬಸ್ಸು ಹತ್ತಿಸಿಕೊಂಡು, "ಇವತ್ತು ನೀನು ಸುಮ್ನೆ ಕೂತ್ಕೊ" ಎಂದರಷ್ಟೆ. ಹನ್ನೊಂದು ವರ್ಷ ಇಂಥದ್ದನ್ನೇ ಕೇಳಿ ಕೇಳಿ ಅವರ ನಿದ್ದೆ ಹೋಗಿತ್ತು, ಬಿ.ಪಿ. ಬಂದಿತ್ತು, ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. ಆದರೂ ಆ ಹೆಂಗಸು ಒಂದು ಮಗುವನ್ನೂ ಅವಸರಪಡಿಸಿದ್ದಿಲ್ಲ.

ಕೆಂಪಕ್ಕ ಜಗುಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು. "ಬಂದ್ಬುಟ್ರಾ ಮತ್ತೆ?"

ವೇದಾವತಿ ಹೂಂಗುಟ್ಟಿ, ಮೊರದ ಪಕ್ಕ ಕೂತು ತಾವೂ ಸುಲಿಯತೊಡಗಿದರು. ಒಂದು ಗಂಟೆ ಮಳೆ, ಕುರಿ, ಮಂಡಿನೋವು, ಇವೇ ಮಾತು. ಕೆಂಪಕ್ಕ ಕುರಿಗೆ ನೀರಿಡಲು ಎದ್ದು ಹೋದ ಮೇಲೆ ಹುಡುಗಿ ಮೆಲ್ಲಗೆ ಬಂದು ಮೊರಕ್ಕೆ ಕೈ ಹಾಕಿದಳು.

ಮೊರದ ಅರ್ಧ ಕಾಯಿ ಮುಗಿದ ಮೇಲೆ ಕೇಳಿದಳು: "ನಾ ಹೇಳಿದ್ರೆ ನೀವು ಯಾರ್ಗೂ ಹೇಳಾಕಿಲ್ವಾ?"

ಹೂಂ ಅನ್ನಿ, ಅಂದುಬಿಡಿ ಎಂದು ಸ್ನೇಹಲತಾಳ ಜೀವ ಬಡಿದುಕೊಂಡಿತು.

"ಹೇಳ್ತೀನಿ ಕಣವ್ವ," ಎಂದರು ವೇದಾವತಿ. "ನಿನ್ನ ಕಾಯೋರ್ಗೆ ಹೇಳ್ಲೇಬೇಕು. ಊರೋರ್ಗೆ ಹೇಳಾಕಿಲ್ಲ. ಯಾರ್ಯಾರ್ಗೆ ಹೇಳ್ತೀನಿ ಅಂತ ಮೊದ್ಲು ನಿಂಗೇ ಹೇಳ್ತೀನಿ."

ಹುಡುಗಿ ಎದ್ದು ಒಳಗೆ ಹೋದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಸ್ನೇಹಲತಾಳಿಗೆ ಅಳು ಬಂತು, ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತೆಂದು ಸಿಟ್ಟೂ ಬಂತು. ವೇದಾವತಿ ಸುಲಿಯುತ್ತಲೇ ಇದ್ದರು. ಅವರು ಕಾಳನ್ನು ನೆಲಕ್ಕೆ ಹಾಕಿ ಸಿಪ್ಪೆಯನ್ನು ಮೊರಕ್ಕೆ ಹಾಕುತ್ತಿದ್ದುದನ್ನು ಕಂಡ ಮೇಲೆ ಅವಳ ಸಿಟ್ಟು ಇಳಿಯಿತು.

ಹುಡುಗಿ ಒಂದು ಚೊಂಬು ನೀರು ತಂದು ವೇದಾವತಿಯ ಮುಂದಿಟ್ಟಳು. ಸ್ನೇಹಲತಾಳತ್ತ ಬೆರಳು ತೋರಿಸಿದಳು. "ಈ ಅಕ್ಕ ಯಾರ್ಗೂ ಗೊತ್ತಾಗಲ್ಲ ಅಂದ್ರು, ಎಲ್ರಿಗೂ ಗೊತ್ತಾಯ್ತು. ಬಲಸಮುದ್ರದ ನೆಂಟ್ರೂ ಯಾರ್ಗೂ ಹೇಳ್ಬ್ಯಾಡ ಅಂದಿದ್ರು." ಆಮೇಲೆ ವೇದಾವತಿಗೆ ಒತ್ತಿಕೊಂಡು ಕೂತಳು. "ನೀವೊಬ್ರೇ ಹೇಳ್ತೀನಿ ಅಂದಿದ್ದು. ಹಂಗಾರೆ ಕೇಳಿ. ನಾ ಅಲ್ಲಿಗೆ ಹೋಗಾಕಿಲ್ಲ."