ಇಬ್ಬರ ಬಾಯಾರಿಕೆ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬ್ರೇಕ್ ಮೇಡಂ ಎಂದೇ ಹೆಸರು. ಕಲಿಯಲು ಬಂದವರು ಸ್ಟೀರಿಂಗ್ ಹಿಡಿದರೆ, ಪಕ್ಕದ ಸೀಟಿನಲ್ಲಿ ಕೂರುವ ಅವಳ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಎದುರಿನಿಂದ ಲಾರಿ ಬಂದು ಕಲಿಯುವವರ ಕೈಕಾಲು ಆಡದಾದಾಗ ಅವಳ ಬಲಗಾಲು ತನ್ನಷ್ಟಕ್ಕೆ ಒತ್ತುತ್ತಿತ್ತು. ದಿನವಿಡೀ ಹೀಗೆ ಜೀವ ಕೈಯಲ್ಲಿ ಹಿಡಿದು ಕೂತವಳಿಗೆ ಇದ್ದ ಒಂದೇ ಸುಖ ಬಾಗಿಲ ಜೇಬಿನಲ್ಲಿ ನಿಂತಿರುತ್ತಿದ್ದ ಕೂಲ್ ಡ್ರಿಂಕ್ಸ್ ಬಾಟಲಿ. ಒಬ್ಬರ ಪಾಠ ಮುಗಿದು ಇನ್ನೊಬ್ಬರು ಹತ್ತುವ ಮೊದಲು ಎರಡು ಗುಟುಕು, ಸಿಗ್ನಲ್ಲಿನಲ್ಲಿ ಒಂದು ಗುಟುಕು, ಊಟದ ಜೊತೆಗೆ ಬೇರೆಯದೇ ಬಾಟಲಿ, ಮನೆಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ಫ್ರಿಜ್ಜಿನದು. ಗಂಡನಿಂದ ಬೇರೆಯಾಗಿ ಎಷ್ಟೋ ವರ್ಷಗಳಾಗಿದ್ದವು. ಫ್ರಿಜ್ಜಿನಲ್ಲಿ ಏನಿಟ್ಟಿದ್ದೀಯಾ ಎಂದು ಕೇಳುವವರು ಯಾರೂ ಇರಲಿಲ್ಲ.

ಕೇಳುವವರು ಸಿಕ್ಕಿದ್ದು ಆಸ್ಪತ್ರೆಯಲ್ಲಿ.

ಅವಳ ಅಣ್ಣ ಬಡಗಿ. ಬಾಗಿಲು, ಕಿಟಕಿ ಮಾಡುವುದರಲ್ಲಿ ಎತ್ತಿದ ಕೈ. ಬಿ.ಪಿ.ಯನ್ನು ಲೆಕ್ಕಕ್ಕೇ ಇಡದೆ ಓಡಾಡಿಕೊಂಡಿದ್ದವನ ಎರಡೂ ಕಿಡ್ನಿ ಕೈಕೊಟ್ಟು, ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಂಚದ ಮೇಲೆ ಮಲಗುತ್ತಿದ್ದ. ತನ್ನ ಕಿಡ್ನಿ ಕೊಡಲು ಮುಂದಾದ ಅತ್ತಿಗೆಯ ರಕ್ತದ ಗುಂಪು ಹೊಂದಲಿಲ್ಲ. ಆ ಸುದ್ದಿ ಕೇಳಿ ಅತ್ತಿಗೆ ಡಾಕ್ಟರ ಮೇಜಿನ ಅಂಚನ್ನೇ ನೋಡುತ್ತ ಕೂತಿದ್ದಾಗ, ಹಿಂದೆ ನಿಂತಿದ್ದ ಇವಳ ಬಾಯಿಂದ, "ನಂದು ನೋಡಿ, ನಾನು ಕೊಡ್ತೀನಿ" ಎಂಬ ಮಾತು ಬಂದುಬಿಟ್ಟಿತ್ತು. ಅತ್ತಿಗೆ ತಿರುಗಿ ಅವಳ ಎರಡೂ ಕೈ ಹಿಡಿದುಕೊಂಡಳು. ಅಣ್ಣ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿದ.

ಪರೀಕ್ಷೆಗಳಲ್ಲಿ ಎಲ್ಲವೂ ಹೊಂದಿತು, ತೂಕವೊಂದನ್ನು ಬಿಟ್ಟು.

"ಇಷ್ಟು ತೂಕ ಇಟ್ಕೊಂಡು ಒಂದು ಕಿಡ್ನಿ ತೆಗೆದ್ರೆ, ಉಳಿದ ಇನ್ನೊಂದರ ಮೇಲೆ ಭಾರ ಬೀಳತ್ತೆ" ಎಂದರು ಡಾಕ್ಟರು. "ಏನೇನು ತಿಂತೀರಿ?"

ಅವಳು ಹೇಳಿದಳು. ಅದರಲ್ಲಿ ಅಂಥ ತಪ್ಪೇನೂ ಇರಲಿಲ್ಲ.

"ಕುಡಿಯೋದು?"

ಅವಳು ಚೀಲದ ಜಿಪ್ಪು ಎಳೆದಳು, ಹಾಕಿದಳು.

"ಮೊದಲು ಅದನ್ನ ಬಿಡಿ. ಉಳಿದಿದ್ದು ಆಮೇಲೆ ಮಾತಾಡೋಣ. ಆದಷ್ಟು ಬೇಗ ಇಳಿಸಿ, ನಿಮ್ಮಣ್ಣನಿಗೆ ತಡ ಮಾಡಿದಷ್ಟೂ ಕಷ್ಟ."

ಬಿಡುವುದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮೊದಲು ಬಂದದ್ದು ತಲೆನೋವು, ಕಣ್ಣಿನ ಹಿಂದೆ ಯಾರೋ ಕೂತು ಮೊಳೆ ಹೊಡೆದಂತೆ. ಆಮೇಲೆ ನಿಂತಲ್ಲಿ ನಿಲ್ಲಲಾಗದ, ಕೂತಲ್ಲಿ ಕೂರಲಾಗದ ಒಂದು ಚಡಪಡಿಕೆ. ಬಾಗಿಲ ಜೇಬಿನಲ್ಲಿ ಈಗ ನೀರಿನ ಬಾಟಲಿ ಇತ್ತು. ಕೈ ಅಭ್ಯಾಸಬಲದಿಂದ ಅಲ್ಲಿಗೇ ಹೋಗುತ್ತಿತ್ತು, ಬಾಯಿ ಕಾಯುತ್ತಿತ್ತು, ಗಂಟಲಿಗೆ ಇಳಿಯುತ್ತಿದ್ದದ್ದು ಬರೀ ನೀರು. ಆ ಚುರುಚುರು ಇಲ್ಲ, ಸಿಹಿ ಇಲ್ಲ, ಮೂಗಿಗೇರುವ ಗಾಳಿ ಇಲ್ಲ. ಯಾರೋ ಮಾತು ಕೊಟ್ಟು ತಪ್ಪಿದಂತೆ ಅವಳಿಗೆ ಪ್ರತಿ ಗುಟುಕಿಗೂ ಸಿಟ್ಟು ಬರುತ್ತಿತ್ತು.

ಆ ಸಿಟ್ಟನ್ನು ತಿಂದವಳು ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದ ಒಬ್ಬ ಹೆಂಗಸು. ಒಳ್ಳೆಯವಳು, ಬಲಕ್ಕೆ ತಿರುಗಿಸಬೇಕೆಂದರೆ ಮಾತ್ರ ಉಸಿರು ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದಳು. ಆವತ್ತು ಸರ್ಕಲ್ಲಿನ ನಡುವೆ ಗಾಡಿ ಆಫ್ ಆಗಿ, ಹಿಂದಿನವರೆಲ್ಲ ಹಾರ್ನ್ ಒತ್ತತೊಡಗಿದರು.

"ಕಣ್ಣು ಮುಚ್ಚೋದಿದ್ರೆ ಮನೆಲಿ ಮಲ್ಕೊಂಡು ಮುಚ್ಚಿ. ರಸ್ತೆಗೆ ಯಾಕೆ ಬರ್ತೀರಿ?" ಎಂದಳು ಬ್ರೇಕ್ ಮೇಡಂ.

ಹೆಂಗಸು ಸೀಟ್ ಬೆಲ್ಟು ಬಿಚ್ಚಿದಳು, ಇಳಿದಳು, ಸೆರಗು ಸರಿಮಾಡಿಕೊಂಡು ಗಾಡಿಗಳ ನಡುವೆ ದಾರಿ ಮಾಡಿಕೊಂಡು ಆಚೆ ಫುಟ್‌ಪಾತಿಗೆ ಹೋಗಿಬಿಟ್ಟಳು. ಇವಳು ಪಕ್ಕದ ಸೀಟಿನಿಂದ ಸ್ಟೀರಿಂಗಿಗೆ ದಾಟಿ, ಗಾಡಿಯನ್ನು ಮೂಲೆಯ ಅಂಗಡಿಯ ಮುಂದೆ ನಿಲ್ಲಿಸಿದಳು. ಅಂಗಡಿಯವನು ಅವಳನ್ನು ಕಂಡವನೇ, ಕೇಳುವ ಮೊದಲೇ ಫ್ರಿಜ್ಜಿನ ಬಾಗಿಲು ತೆಗೆದ. ಬೇಡ ಎನ್ನಲು ಬಾಯಿ ತೆರೆದಳು. "ದೊಡ್ಡದೇ ಕೊಡಿ" ಅಂದಳು.

ಅಲ್ಲಿಂದ ಮುಂದೆ ಕದ್ದು ಕುಡಿಯುವುದು ಶುರುವಾಯಿತು. ಕಾಯುವವರು ಯಾರೂ ಇರಲಿಲ್ಲ, ಆದರೂ ಕದ್ದಳು. ಬಾಟಲಿ ಬಾಗಿಲ ಜೇಬಿನಿಂದ ಹಿಂದಿನ ಸೀಟಿನ ಕೆಳಕ್ಕೆ ಹೋಯಿತು. ಆಸ್ಪತ್ರೆಯ ತೂಕದ ಯಂತ್ರದ ಮುಳ್ಳು ಏರಲೂ ಇಲ್ಲ, ಇಳಿಯಲೂ ಇಲ್ಲ. "ಥೈರಾಯ್ಡ್ ಇರಬಹುದೇನೋ" ಎಂದಳು ಅವಳು. ಡಾಕ್ಟರು ಅದನ್ನೂ ಪರೀಕ್ಷೆ ಮಾಡಿಸಿ, "ಇಲ್ಲ" ಎಂದರು.

ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿದ ಅಣ್ಣನನ್ನು ಮನೆಗೆ ಬಿಡಲು ಅವಳೇ ಹೋದಳು. ಅತ್ತಿಗೆಗೆ ಜ್ವರ. ಅಣ್ಣ ಪಕ್ಕದ ಸೀಟಿನಲ್ಲಿ, ಅಂದರೆ ಅವಳ ಜಾಗದಲ್ಲಿ, ಪಟ್ಟಿ ಕಟ್ಟಿದ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಾಯಲ್ಲಿ ಒಂದು ಐಸ್ ಚೂರು. ದಿನಕ್ಕೆ ಇಷ್ಟೇ ನೀರು ಎಂದು ಆಸ್ಪತ್ರೆಯವರು ಹೇಳಿದ್ದರು, ಆ ಅಳತೆಯನ್ನು ಕಾಯುವವಳು ಅತ್ತಿಗೆ. ಅವಳಿಲ್ಲದ ಹೊತ್ತಿನಲ್ಲೂ ಅವನು ಅಳತೆ ಮೀರುತ್ತಿರಲಿಲ್ಲ.

"ನುಂಗ್ಬಿಡಬಾರದು" ಎಂದ ಐಸನ್ನು ಕೆನ್ನೆಗೆ ಸರಿಸಿ. "ಸುಮ್ನೆ ಬಿಟ್ಟಿರಬೇಕು. ನಾಲಿಗೆಗೆ ನೀರು ಬಂತು ಅನ್ನೋ ಭ್ರಮೆ ಬಂದ್ರೆ ಸಾಕು. ನಿಂಗೂ ಉಪಯೋಗ ಆಗತ್ತೆ ನೋಡು, ಆ ಕೂಲ್ ಡ್ರಿಂಕ್ಸ್ ಆಸೆ ಬಂದಾಗ."

"ಈಗೇನೂ ಅಷ್ಟು ಆಸೆ ಆಗಲ್ಲ ಬಿಡು" ಎಂದಳು ಅವಳು.

ಮುಂದೆ ಸಿಗ್ನಲ್ಲು ಕೆಂಪಾಯಿತು. ಬಸ್ಸೊಂದು ನಿಂತಿತ್ತು. ಅವಳು ಬ್ರೇಕ್ ಒತ್ತಿದಳು. ಪೆಡಲು ಅರ್ಧಕ್ಕೆ ನಿಂತುಬಿಟ್ಟಿತು.

ಇನ್ನೊಮ್ಮೆ ಒತ್ತಿದಳು. ಕಲ್ಲಿಗೆ ಒತ್ತಿದಂತಿತ್ತು. ಬಸ್ಸಿನ ಹಿಂಭಾಗ ಗಾಜಿನ ತುಂಬ ಬೆಳೆಯುತ್ತ ಬಂತು. ಇಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟದ್ದೆಲ್ಲ ತಲೆಯಿಂದ ಮಾಯವಾಗಿ, ಕೈ ಮಾತ್ರ ತಾನಾಗಿ ಹ್ಯಾಂಡ್‌ಬ್ರೇಕಿಗೆ ಹೋಯಿತು. ಗಾಡಿ ಕಿರುಚುತ್ತ ಎಡಕ್ಕೆ ಎಳೆದುಕೊಂಡು, ಬಸ್ಸಿನ ಮೂಲೆಗೆ ಒಂದು ಗೇಣು ಉಳಿಸಿ ನಿಂತಿತು.

ಆಮೇಲೆ ಅಣ್ಣ ಬಗ್ಗಿ, ತನ್ನ ಕಾಲ ಬಳಿಯ ಇನ್ನೊಂದು ಬ್ರೇಕ್ ಪೆಡಲಿನ ಅಡಿಗೆ ಕೈ ಹಾಕಿ ತಿರುವಿ ತಿರುವಿ ಎಳೆದ. ಕೈಗೆ ಬಂದದ್ದು ಅರ್ಧ ತುಂಬಿದ ಬಾಟಲಿ. ಹಿಂದಿನ ಸೀಟಿನಡಿಯಿಂದ ಉರುಳಿ ಬಂದು ಅಲ್ಲಿ ಸಿಕ್ಕಿಕೊಂಡಿತ್ತು. ಎರಡೂ ಪೆಡಲಿಗೆ ಒಂದೇ ಸರಳು. ಅಲ್ಲಿ ಅಡ್ಡವಾದರೆ ಇಲ್ಲಿಯೂ ಇಳಿಯುವುದಿಲ್ಲ.

ಅವಳು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದಳು. ಅಣ್ಣ ಬಾಟಲಿಯ ಮುಚ್ಚಳ ತಿರುಗಿಸಿದ. ಬುಸ್ಸೆಂದು ಗಾಳಿ ಹೋಯಿತು. ಅವನು ಅದನ್ನು ಮೂಗಿನ ಹತ್ತಿರ ತಂದು ಕಣ್ಣುಮುಚ್ಚಿ ಮೂಸಿದ, ತುಂಬ ಹೊತ್ತು. ಮತ್ತೆ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟ.

"ನಿಂಗೆ ಕೊಡೋಕೆ ಇಷ್ಟ ಇಲ್ಲ ಅಂದ್ರೆ ಹೇಳ್ಬಿಡು."

"ಏನು ಮಾತು ಅಂತ ಆಡ್ತೀಯಾ? ನಾನೇ ತಾನೇ ಮುಂದೆ ಬಂದಿದ್ದು?"

"ಬಾಯಿ ಮುಂದೆ ಬಂತು. ನೀನಿನ್ನೂ ಹಿಂದೇನೇ ನಿಂತಿದೀಯ. ತೂಕ ಇಳೀದಿದ್ರೆ ಆಪರೇಷನ್ ಇಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಒಂದು ಡ್ರಿಂಕ್ಸ್ ಕುಡಿದರೆ ಅದಕ್ಕೆ ಇಷ್ಟೆಲ್ಲ ಅರ್ಥ ಕಟ್ಟುವುದೇ, ಚಟ ಎಂದರೆ ಏನೆಂದು ನಿನಗೇನು ಗೊತ್ತು ಎಂದು ದಾರಿಯುದ್ದಕ್ಕೂ ಕೂಗಾಡಿದಳು. ಅವನು ಮನೆಯ ಮುಂದೆ ಇಳಿಯುವಾಗ, "ಜೋಪಾನವಾಗಿ ಹೋಗು" ಎಂದಷ್ಟೇ ಹೇಳಿದ.

ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದು ಕೂತಿತು. ಕುಡಿದರೂ ಹೋಗಲಿಲ್ಲ, ಕುಡಿಯದಿದ್ದರೂ ಹೋಗಲಿಲ್ಲ. ಪಾಠ ಹೇಳುವಾಗ ಕಾಲು ಕಾರಣವಿಲ್ಲದೆ ಬ್ರೇಕ್ ಒತ್ತುತ್ತಿತ್ತು. ಕೊನೆಗೆ ಆಸ್ಪತ್ರೆಯಲ್ಲಿ ದಾನಿಗಳ ಜೊತೆ ಮಾತಾಡಲೆಂದೇ ಇದ್ದ ಕೌನ್ಸೆಲರ್ ಹತ್ತಿರ ಹೋದಳು. ಅವಳಿಗಿಂತ ಚಿಕ್ಕವಳು, ಮೇಜಿನ ಮೇಲೆ ಮಾತ್ರೆ ಕಂಪನಿಯ ಕ್ಯಾಲೆಂಡರು.

"ನಂಗೆ ಭಯ ಆಗತ್ತೆ" ಎಂದಳು ಬ್ರೇಕ್ ಮೇಡಂ. ಹಾಗೆಂದು ಯಾರೆದುರಿಗೂ ಹೇಳಿರಲಿಲ್ಲ. "ಚಾಕು ಚೂರಿ ಭಯ ಅಲ್ಲ. ಆಮೇಲೆ ನಂಗೇನಾದ್ರೂ ಆದ್ರೆ ನೋಡ್ಕೊಳ್ಳೋರು ಯಾರಿದಾರೆ? ಅವನಿಗೆ ಹೆಂಡತಿ ಇದಾಳೆ."

ಕೌನ್ಸೆಲರ್ ಆಶ್ಚರ್ಯಪಡಲಿಲ್ಲ. "ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ಬೇಡ ಅನ್ನಬಹುದು ಮೇಡಂ. ಮನೆಯವರಿಗೆ ನಾವು ಕಾರಣ ಹೇಳಲ್ಲ. ನೀವು ದಾನಕ್ಕೆ ಸೂಕ್ತ ಅಲ್ಲ ಅಂತಷ್ಟೇ ಹೇಳ್ತೀವಿ. ಯಾರಿಗೂ ಗೊತ್ತಾಗಲ್ಲ, ಯಾರೂ ನಿಮ್ಮನ್ನ ಬೇರೆ ಥರ ನೋಡಲ್ಲ."

ಅವಳು ಹೊರಗೆ ಬಂದಳು. ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು, ಅದೂ ಇಷ್ಟು ಅಗಲವಾಗಿ. ಹಗುರಾಗಬೇಕಿತ್ತು, ಆಗಲಿಲ್ಲ. ಗಾಡಿ ಹತ್ತಲೂ ಮನಸ್ಸಾಗದೆ ನಡೆದಳು. ಟೈರಿನಂಗಡಿ, ಕನ್ನಡಕದಂಗಡಿ, ಬೀಗ ಹಾಕಿದ ಬ್ಯಾಂಕು, ಮತ್ತೆ ತಿರುಗಿ ಅದೇ ಟೈರಿನಂಗಡಿ. ಬೇಡ ಅನ್ನುವುದು ಅಷ್ಟು ಸುಲಭ ಎಂದಾದ ಮೇಲೆ, ತಾನು ನಿಜವಾಗಿ ಏನು ಹೇಳಬೇಕೆಂದಿದ್ದೇನೆ ಎಂದು ಕೇಳಿಕೊಳ್ಳದೆ ವಿಧಿಯಿರಲಿಲ್ಲ. ಇಷ್ಟು ದಿನ ಆ ಪ್ರಶ್ನೆಯನ್ನು ತೂಕದ ಯಂತ್ರದ ಹೆಗಲಿಗೆ ಹೊರಿಸಿ ತಾನು ಆರಾಮಾಗಿದ್ದಳು.

ಸಂಜೆಗೆ ಮುಂಚೆ ಅಣ್ಣನ ಮರಗೆಲಸದ ಶೆಡ್ಡಿಗೆ ಹೋದಳು. ಅವನು ಭಾರ ಎತ್ತುವಂತಿರಲಿಲ್ಲ. ಕಿಟಕಿಯ ಚೌಕಟ್ಟೊಂದನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುತ್ತಿದ್ದ. ಕೂರಲು ಜಾಗ ತೋರಿಸಿದ. ಅವಳು ಕೂರಲಿಲ್ಲ.

"ಆಸ್ಪತ್ರೆಯವರು ಒಂದು ದಾರಿ ಹೇಳಿದ್ರು" ಎಂದು ಶುರುಮಾಡಿ, ಕೌನ್ಸೆಲರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು.

ಅಣ್ಣನ ಕೈ ನಿಂತಿತು. "ಅದನ್ನ ನಂಗ್ಯಾಕೆ ಹೇಳಿದೆ? ಗುಟ್ಟಾಗಿರ್ಲಿ ಅಂತ ತಾನೇ ಅವರು ಹೇಳಿದ್ದು?"

"ಅದಕ್ಕೇ ಹೇಳಿದೆ. ನಿಂಗೆ ಗೊತ್ತಾದ್ಮೇಲೆ ಇನ್ನು ಆ ನೆಪ ನಡೆಯಲ್ಲ."

"ಹುಚ್ಚೀ" ಎಂದ ಅವನು. ದನಿ ಗಡುಸಾಗಿತ್ತು. "ನಿಂಗೆ ಏನಾದ್ರೂ ಒಂದು ನೆಪ ಇರಲಿ ಅಂತಾನೇ ಅವತ್ತಿಂದ ನಾನು ಸುಮ್ನಿದ್ದೆ. ನಿಂಗೆ ಬೇಕಾದಾಗ ಬಳಸ್ಕೊಳ್ಳಲಿ, ನಾನು ಏನೂ ಗೊತ್ತಿಲ್ಲದ ಹಾಗೆ ಇರೋಣ ಅಂತ. ನಂಗೇನು ನಿನ್ನ ಜೀವ ಬೇಡವಾಗಿದೆಯಾ?"

"ನಂಗೆ ಭಯ ಇದೆ. ಈಗ್ಲೂ ಇದೆ. ಭಯ ಇಟ್ಕೊಂಡೇ ಕೊಡ್ತೀನಿ. ಆದ್ರೆ ಒಂದು ಮಾತು. ಆಮೇಲೆ ನಂಗೆ ಏನಾದ್ರೂ ಆದ್ರೆ ನಾನು ನಿಮ್ಮನೇಗೆ ಬಂದು ಮಲಗೋಳೇ. ಅತ್ತಿಗೆ ಮುಖ ಗಂಟು ಹಾಕಿದ್ರೂ ಏಳಲ್ಲ."

ಅವನು ಉಪ್ಪುಕಾಗದವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ನಡುಮನೆ ಕಿಟಕಿ ಪಕ್ಕ ಮಂಚ ಹಾಕಿಸ್ತೀನಿ" ಎಂದ. ಆಮೇಲೆ ಮುಖ ತಿರುಗಿಸಿ, ಕಣ್ಣಿಗೆ ಬಿದ್ದ ಮರದ ಪುಡಿಯನ್ನು ಒರೆಸಿಕೊಳ್ಳುವವನ ಹಾಗೆ ತೋಳನ್ನು ಮುಖಕ್ಕೆ ತಂದ.

ಅದಾದ ಮೇಲೂ ಚಟ ಚಟವೇ. ಮನೆಯ ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದಳು, ಅಂಗಡಿಯ ರಸ್ತೆ ಬಿಟ್ಟು ಸುತ್ತುಬಳಸಿ ಹೋದಳು. ತಲೆನೋವು ಮರಳಿ ಬಂತು. ಪಾಠ ಪಾಠದ ನಡುವೆ ಗಾಡಿಯಿಂದಿಳಿದು ಅತ್ತಿಂದಿತ್ತ ಠಳಾಯಿಸುವುದು ನೋಡಿ, ಕಲಿಯಲು ಬಂದವರು ಒಳಗೇ ಗಟ್ಟಿಯಾಗಿ ಕೂರುತ್ತಿದ್ದರು. ತೀರಾ ತಡೆಯದಾದಾಗ ಅಣ್ಣನಿಗೆ ಫೋನ್ ಮಾಡುತ್ತಿದ್ದಳು.

"ಬಾಯಿ ಒಣಗ್ತಾ ಇದೆ ಕಣೋ."

"ನಿಂಗೆ ನೀರಾದ್ರೂ ಕುಡಿಯೋಕೆ ಬಿಟ್ಟಿದಾರಲ್ಲೇ" ಎನ್ನುತ್ತಿದ್ದ ಅವನು. "ನಂದು ನೋಡು. ನಿಮ್ಮತ್ತಿಗೆ ಸಾರಿನ ನೀರನ್ನೂ ಸೋಸಿ ಇಟ್ಟಿದಾಳೆ."

ಇಬ್ಬರೂ ಐಸ್ ಚೂರು ಬಾಯಿಗೆ ಹಾಕಿಕೊಂಡು, ಮಾತಿಲ್ಲದೆ, ಫೋನ್ ಕಿವಿಗಿಟ್ಟುಕೊಂಡು ಕೂತಿರುತ್ತಿದ್ದರು. ಅವನ ಕೆನ್ನೆಯಲ್ಲಿ ಐಸು ಹಲ್ಲಿಗೆ ತಾಗುವ ಸದ್ದು ಅವಳಿಗೆ ಕೇಳುತ್ತಿತ್ತು. ಎರಡು ಸಲ ಜಾರಿದಳು, ಎರಡು ಸಲವೂ ಅವನಿಗೆ ಹೇಳಿದಳು. ಅವನು ಬೈಯಲಿಲ್ಲ, ರುಚಿ ಹೇಗಿತ್ತು ಎಂದು ಬಿಡಿಸಿ ಬಿಡಿಸಿ ಕೇಳಿದ. ತೂಕ ಮೊದಮೊದಲು ಮೊಂಡು ಹಿಡಿಯಿತು, ಆಮೇಲೆ ಸಡಿಲಾಗುತ್ತ ಬಂತು. ರವಿಕೆಗಳ ಹೊಲಿಗೆ ಒಳಕ್ಕೆ ಹೋಯಿತು. ಸೀಟನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು. ಡಾಕ್ಟರು ಕೊನೆಗೊಂದು ದಿನ ಯಂತ್ರದ ಮುಳ್ಳನ್ನು ನೋಡಿ, ಅವಳ ಮುಖ ನೋಡಿ, "ಇನ್ನು ತಡ ಬೇಡ" ಎಂದರು.

ಆಪರೇಷನ್ ಆದ ಮರುದಿನ ಅವಳಿಗೆ ಸರಿಯಾಗಿ ಎಚ್ಚರವಾದಾಗ ಹೊಟ್ಟೆಯ ಪಕ್ಕ ಬೆಂಕಿ ಇಟ್ಟಂತಿತ್ತು. ಒಬ್ಬರೇ ಮಗ್ಗುಲಾಗಬೇಡಿ ಎಂದಿದ್ದರು ನರ್ಸು. ಹೊದಿಕೆಯ ಕೆಳಗೆ ಕಾಲುಗಳು ಮಾತ್ರ ಸುಮ್ಮನಿರಲಿಲ್ಲ. ಅಣ್ಣ ಬೇರೆ ಕೋಣೆಯಲ್ಲಿದ್ದ, ಯಾರನ್ನೂ ಬಿಡುತ್ತಿರಲಿಲ್ಲ. ಅವನದು ಏನಾಯಿತು ಎಂದು ಕೇಳಿದರೆ, "ಡಾಕ್ಟರ್ ಬಂದು ಹೇಳ್ತಾರೆ" ಎಂಬ ಒಂದೇ ಉತ್ತರ.

ಡಾಕ್ಟರಿಗಿಂತ ಮೊದಲು ಬಂದವಳು ಅತ್ತಿಗೆ. ಮೈಲಿಗೆ, ಮಡಿ, ಕೊಳೆ ಎಂದು ಬಾಗಿಲ ಹಿಡಿಯನ್ನೂ ಕರ್ಚೀಫಿನಲ್ಲಿ ಹಿಡಿಯುವ ಹೆಂಗಸು ಅವಳು. ಮುಖಕ್ಕೆ ಕಟ್ಟಿದ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಮಂಚದ ಕಂಬಿ ಹಿಡಿದು ನಿಂತಳು.

"ಅವರಿಗೆ ಉಚ್ಚೆ ಬಂತು" ಎಂದಳು. "ಚೀಲ ತುಂಬಿ ಬದಲಾಯಿಸಿದ್ರು. ಅದೂ ತುಂಬ್ತಾ ಇದೆಯಂತೆ. ನಾನೇ ನೋಡ್ದೆ, ಅವರ ಕೋಣೆ ಗಾಜಿನ ಆಚೆಯಿಂದ." ಹೇಳುತ್ತ ಹೇಳುತ್ತ ಅತ್ತುಬಿಟ್ಟಳು.

ಇವಳಿಗೆ ನಗು ಬಂತು. ನಕ್ಕರೆ ಹೊಲಿಗೆ ಹಿಡಿದು ಜಗ್ಗುತ್ತಿತ್ತು. ಹೊಟ್ಟೆ ಒತ್ತಿಕೊಂಡು, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು ಸ್ವಲ್ಪ ಸ್ವಲ್ಪವಾಗಿ ನಕ್ಕಳು.

"ಅತ್ತಿಗೆ, ನನ್ನನ್ನ ಸ್ವಲ್ಪ ಎಬ್ಬಿಸಿ."

"ಈಗ್ಲೇನಾ? ನರ್ಸ್ ಬರ್ಲಿ ಇರಿ."

"ಅವರು ಬೆಳಿಗ್ಗೆನೇ ಹೇಳಿದಾರೆ, ಎದ್ದು ಓಡಾಡಬೇಕು ಅಂತ. ಮಲಗಿ ಮಲಗಿ ತಲೆ ಕೆಟ್ಟುಹೋಗಿದೆ ನಂಗೆ."

ಅತ್ತಿಗೆ ಕಣ್ಣೊರೆಸಿಕೊಂಡು ಹೆಗಲು ಕೊಟ್ಟಳು. ಅವಳು ಕಾಲು ಕೆಳಗಿಟ್ಟಳು. ನೆಲ ತಣ್ಣಗಿತ್ತು. ಡ್ರಿಪ್ಪಿನ ಕಂಬವನ್ನು ಒಂದು ಕೈಯಲ್ಲಿ, ಅತ್ತಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬಗ್ಗಿಕೊಂಡೇ ಬಾಗಿಲವರೆಗೆ ಹೋದಳು.

"ಸಾಕು, ವಾಪಸ್ ಹೋಗೋಣ" ಎಂದಳು ಅತ್ತಿಗೆ.

"ಆ ಗಾಜಿನ ಕೋಣೆ ಯಾವ ಕಡೆ?" ಎಂದು ಕೇಳಿದಳು ಅವಳು.