ಮೂರನೇ ಟಕ್

ಮರಿಯಪ್ಪನ ಬೆರಳುಗಳಿಗೆ ಸ್ಪರ್ಶವೇ ತಿಳಿಯುತ್ತಿಲ್ಲ ಎಂಬುದು ನರಸಮ್ಮನಿಗೆ ಶಿವರಾತ್ರಿಯ ಹೊತ್ತಿಗೇ ಗೊತ್ತಾಗಿತ್ತು. ಅವತ್ತು ಒಲೆಯ ಮೇಲೆ ಕುದಿಯುತ್ತಿದ್ದ ಬಸ್ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಕೆಳಗಿಟ್ಟು, ಏನೂ ಆಗದವನಂತೆ "ಬಡಿಸು" ಎಂದಿದ್ದ. ಮಾರನೆಯ ದಿನ ಬೆರಳ ತುದಿಗೆಲ್ಲ ಬೊಬ್ಬೆ. ಕೇಳಿದರೆ, "ಸೈಲೆನ್ಸರ್ ತಾಗ್ತು ಕಣೇ" ಎಂದು ಹಸಿ ಸುಳ್ಳು ಹೇಳಿದ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಅದು ಕೈಕಾಲಿಗೆ ಇಳಿಯುತ್ತದೆ ಎಂದು ಡಾಕ್ಟರು ಹೇಳಿಯೇ ಇದ್ದರು. ಕಟ್ಟಿಕೊಂಡ ಹೆಂಡತಿಗೆ ಹೇಳಿಕೊಳ್ಳುವುದಕ್ಕೆ ಏನು ಧಾಡಿ ಈ ಮನುಷ್ಯನಿಗೆ!

ಆದರೆ ಅವಳೂ ಬಾಯಿ ಬಿಡಲಿಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡಿನಲ್ಲಿ ಮೂವತ್ನಾಲ್ಕು ವರ್ಷದಿಂದ ಅವನ ಕೆಲಸ ಒಂದೇ, ಆಟೋಮ್ಯಾಟಿಕ್ ಗೇರ್‌ಬಾಕ್ಸು. ಉಳಿದವರು ಅಳತೆಪಟ್ಟಿ ಹಿಡಿದು ಒದ್ದಾಡುವ ಕಡೆ ಅವನು ಕೈಯಿಟ್ಟು ಹೇಳುತ್ತಿದ್ದ. ಆ ಕೈ ಹೋಯಿತು ಎಂದು ಒಪ್ಪಿಕೊಂಡರೆ ಶೆಡ್ಡಿಗೆ ಬೀಗ ಬೀಳುತ್ತದೆ, ಮೂಡಲಪಾಳ್ಯದ ಮನೆಯಲ್ಲಿ ಕೂತ ಮರಿಯಪ್ಪ ಆರು ತಿಂಗಳು ತಡೆಯುವುದಿಲ್ಲ. ಇದು ನರಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಮನೆಕೆಲಸ ಬೇಗ ಮುಗಿಸಿ ದಿನಾ ಶೆಡ್ಡಿಗೆ ಬರತೊಡಗಿದ್ದಳು. ಸಾಮಾನನ್ನು ಡೀಸೆಲ್ಲಿನಲ್ಲಿ ತೊಳೆಯುವುದು, ಬಿಚ್ಚಿದ ಬೋಲ್ಟುಗಳನ್ನು ಹಳೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಜೋಡಿಸಿಡುವುದು. ಅವಳು ಬರುವುದು ಯಾಕೆಂದು ಅವನು ಕೇಳಲಿಲ್ಲ.

ಒಂದು ದಿನ ಶೆಡ್ಡಿಗೆ ಬಂದಿದ್ದು ಶಾಂತವ್ವನವರ ಕಾರು. ಹಾವೇರಿ ಕಡೆಯವರು, ಕಾಲೇಜೊಂದರಲ್ಲಿ ಲೈಬ್ರೇರಿಯನ್ ಆಗಿದ್ದು ನಿವೃತ್ತರಾಗಿ ಈಗ ಬಸವೇಶ್ವರನಗರದಲ್ಲಿದ್ದಾರೆ. ಚಿಕ್ಕಂದಿನ ಪೋಲಿಯೋದಿಂದ ಎಡಗಾಲು ಸೋತಿದೆ. ಕ್ಲಚ್ಚಿಲ್ಲದ ಈ ಕಾರೊಂದೇ ಅವರಿಗೆ ಓಡಾಟ. ವೇಗ ನಲವತ್ತು ದಾಟಿದರೆ ಸಾಕು, ಅದು ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಮರಿಯಪ್ಪ ಒಂದು ಸುತ್ತು ಓಡಿಸಿ, "ಟಾರ್ಕ್ ಕನ್ವರ್ಟರ್ ಸವ್ದೋಗಿದೆ ಮೇಡಂ, ಬದಲಾಯಿಸ್ಬೇಕು" ಎಂದಿದ್ದ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ, ಕುಂಬಳಕಾಯಿ ಗಾತ್ರದ ಉಕ್ಕಿನ ಗುಂಡು ಅದು. ಒಳಗೆ ಎಣ್ಣೆ ಗಿರಗಿರ ತಿರುಗಿ ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುತ್ತದೆ.

ಗೇರ್‌ಬಾಕ್ಸು ಇಳಿದಿತ್ತು, ಬಾಯಿ ಮೇಲಾಗಿ ಬೆಂಚಿನ ಮೇಲೆ ನಿಂತಿತ್ತು. ಹೊಸ ಕನ್ವರ್ಟರಿಗೆ ಎಣ್ಣೆ ತುಂಬಿದ್ದೂ ಆಗಿತ್ತು. ಇನ್ನು ಅದನ್ನು ಕೂರಿಸಬೇಕು. ಒಳಗಿನ ಹಲ್ಲುಗಳಿಗೆ ಹಲ್ಲು ಹೊಂದಿ, ಒಂದರ ಕೆಳಗೊಂದು ಮೂರು ಸಲ ಟಕ್ ಟಕ್ ಎಂದು ಇಳಿಯಬೇಕು. ಮೂರನೆಯದು ಬೀಳದೆ ಬಾಕ್ಸನ್ನು ಎಂಜಿನ್ನಿಗೆ ಸೇರಿಸಿ ಬೋಲ್ಟು ಬಿಗಿದರೆ ಒಳಗಿನ ಪಂಪು ಪುಡಿಪುಡಿ. ಮರಿಯಪ್ಪ ಇದನ್ನು ಗಟ್ಟಿಯಾಗಿ ಎಣಿಸುತ್ತಿದ್ದ. ಗಾಡಿಯ ಯಜಮಾನರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕು, ಅದು ಶೆಡ್ಡಿನ ಪದ್ಧತಿ.

ಶಾಂತವ್ವ ಊರುಗೋಲು ಒರಗಿಸಿ ಸ್ಟೂಲಿನ ಮೇಲೆ ಕೂತಿದ್ದರು. ಬಾಕ್ಸು ಅಲುಗದಂತೆ ನರಸಮ್ಮ ಎರಡೂ ಅಂಗೈ ಒತ್ತಿ ಹಿಡಿದಿದ್ದಳು. ಮರಿಯಪ್ಪ ಕನ್ವರ್ಟರನ್ನು ಮೆಲ್ಲಗೆ ತಿರುಗಿಸಿದ.

"ಒಂದು," ಎಂದ. ಅವಳ ಅಂಗೈಗೆ ಆ ಟಕ್ ಬಂದು ಬಡಿಯಿತು. ಇನ್ನೊಂದಷ್ಟು ತಿರುಗಿಸಿ, "ಎರಡು" ಎಂದ. ಅದೂ ಬಡಿಯಿತು.

ಆಮೇಲೆ ಎಷ್ಟು ತಿರುಗಿಸಿದರೂ ಏನೂ ಆಗಲಿಲ್ಲ. ಅಷ್ಟರಲ್ಲಿ ಪಕ್ಕದ ಶೆಡ್ಡಿನವರು ಊಟ ಮುಗಿಸಿ ತಗಡು ಒತ್ತುವ ಪವರ್ ಪ್ರೆಸ್ ಶುರುಮಾಡಿದರು. ಢಬ್!

"ಮೂರು! ಕೂತ್ಕೊಂಡ್ತು ಮೇಡಂ," ಎಂದ ಮರಿಯಪ್ಪ, ಮುಖ ಅರಳಿಸಿ.

ನರಸಮ್ಮ ಬಾಕ್ಸಿನಿಂದ ಕೈ ತೆಗೆಯಲಿಲ್ಲ. ಆ ಢಬ್ ಅವಳ ಅಂಗಾಲಿಗೆ ನೆಲದಿಂದ ಬಂದಿತ್ತೇ ಹೊರತು ಅಂಗೈಗೆ ಬಂದಿರಲಿಲ್ಲ. ಅಯ್ಯೋ ದೇವರೇ, ಕೈಗೆ ಗೊತ್ತಾಗುವುದಿಲ್ಲವೆಂದು ಈ ಮನುಷ್ಯ ಇಷ್ಟು ದಿನವೂ ಕಿವಿಯಲ್ಲೇ ಎಣಿಸುತ್ತಿದ್ದಾನೆ!

"ರೀ, ಒಂದ್ ಲೋಟ ಟೀ ಕುಡ್ದು ಮುಂದಿನ್ ಕೆಲಸ ನೋಡಿ," ಎಂದಳು.

"ಈಗ್ ತಾನೆ ಕುಡ್ದಿಲ್ವಾ?"

"ಹಂಗಾದ್ರೆ ಇನ್ನೊಂದ್ಸಲ ತಿರುಗ್ಸಿ ನೋಡಿ."

"ಕೂತಿರೋದನ್ನ ಯಾವ ಪುಣ್ಯಾತ್ಮ ತಿರುಗ್ಸಿ ನೋಡ್ತಾನೆ? ಕೈ ತೆಗಿ ಅತ್ಲಾಗೆ," ಎಂದು ಅವನು ಬಾಕ್ಸು ಏರಿಸುವ ಜಾಕಿ ಎಳೆದುಕೊಂಡ.

ಹೇಳಿದರೆ ಗಂಡನ ಮರ್ಯಾದೆ ಹೋಗುತ್ತದೆ, ಅದೂ ಹೊರಗಿನವರ ಎದುರಿಗೆ. ಹೇಳದಿದ್ದರೆ ಈ ಹೆಣ್ಣುಮಗಳ ಗಾಡಿ ಹೋಗುತ್ತದೆ, ಅದರ ಹಿಂದೆಯೇ ಗಂಡನೂ ಕುಸಿಯುತ್ತಾನೆ. ನರಸಮ್ಮ ಬಾಕ್ಸಿನ ಬಾಯಿಗೆ ಎರಡೂ ಕೈ ಅಡ್ಡ ಇಟ್ಟಳು.

"ಬಿದ್ದಿರೋದು ಎರಡೇ ಕಣ್ರೀ. ಮೂರ್ನೇದು ಪಕ್ಕದ್ ಶೆಡ್ಡಿಂದು."

ಮರಿಯಪ್ಪನ ಮುಖ ಕೆಂಪಾಯಿತು. "ನಂಗೇ ಪಾಠ ಹೇಳ್ತೀಯೇನೇ?" ಎಂದು ಗದರಿದ. ಅವಳು ಮಿಸುಕಲಿಲ್ಲ.

ಶಾಂತವ್ವ ಇಬ್ಬರ ಮುಖವನ್ನೂ ನೋಡಿದರು. ಜಾಣೆ. "ಇಲ್ಲಿ ಎಣ್ಣಿ ವಾಸನಿ ಭಾಳ ಐತ್ರೀ, ನಾ ಸ್ವಲ್ಪ ಹೊರಗ ನೆಳ್ಳಾಗ ಕುಂದರ್ತೀನಿ," ಎಂದು ಊರುಗೋಲು ಹಿಡಿದು ಎದ್ದು ಹೋದರು.

ಮರಿಯಪ್ಪ ಜಾಕಿಯನ್ನು ಬದಿಗೆ ತಳ್ಳಿದ. ಆಮೇಲೆ ತಲೆ ಎತ್ತದೆ ಕೇಳಿದ. "ಯಾವಾಗಿಂದ ಗೊತ್ತು ನಿಂಗೆ?"

"ಶಿವರಾತ್ರಿಯಿಂದ."

"ಮತ್ತೆ ಹೇಳ್ಲೇ ಇಲ್ಲ?"

"ನೀವ್ ಹೇಳಿದ್ರಾ?"

ಮರಿಯಪ್ಪ ಸ್ಟೂಲಿನ ಮೇಲೆ ಕುಸಿದು ಕೂತು ಎರಡೂ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ನಟ್ಟು ಯಾವುದು ವಾಷರ್ ಯಾವುದು ಅಂತ ಕಣ್ಣಲ್ ನೋಡ್ದಿದ್ರೆ ಗೊತ್ತಾಗಲ್ಲ ನರಸು. ಭಯ ಆಗುತ್ತೆ ಕಣೇ. ಬಾಗ್ಲು ಹಾಕ್ಬೇಕಾಗುತ್ತಲ್ಲ ಅಂತ," ಎಂದ.

ನರಸಮ್ಮನಿಗೆ ಅವನನ್ನು ತಬ್ಬಿಕೊಂಡು ಅತ್ತುಬಿಡಬೇಕು ಎನ್ನಿಸಿತು. ಅವಳು ಹಾಗೆ ಮಾಡುವವಳಲ್ಲ. "ಬೆರಳಿಗೆ ಮಂಕು ಹಿಡಿದ್ರೆ ತಲೆಗೂ ಹಿಡೀತಾ? ನಂಗೆ ಕೈ ಐತೆ, ನಿಮ್ಗೆ ಕೆಲಸ ಗೊತ್ತೈತೆ. ಏನ್ ಮಾಡ್ಬೇಕು ಬಾಯ್ಬಿಟ್ಟು ಹೇಳಿ, ಮಾಡ್ತೀನಿ," ಎಂದು ರೇಗಿದಳು.

ಅವನು ಕಣ್ಣು ಒರೆಸಿಕೊಂಡು ಎದ್ದು ಅವಳ ಪಕ್ಕದಲ್ಲಿ ನಿಂತ. "ಒತ್ಬೇಡ. ಅದರ ಭಾರಕ್ಕೆ ಅದೇ ಇಳೀಬೇಕು. ಸ್ವಲ್ಪ ಎತ್ತು, ಹಾಂ, ಈಗ ಬಲಕ್ಕೆ ತಿರುಗ್ಸು. ಮಗೂಗೆ ತಲೆ ತಟ್ಟಿದಂಗೆ, ನಿಧಾನಕ್ಕೆ."

ಅವಳು ತಿರುಗಿಸಿದಳು. ಹಲ್ಲಿಗೆ ಹಲ್ಲು ಉಜ್ಜಿ ಜಾರುವುದು ಬೆರಳಿಗೆ ತಿಳಿಯಿತು. ಮತ್ತೆ ತಿರುಗಿಸಿದಳು. ಬೆವರು ಮೂಗಿನ ತುದಿಗೆ ಬಂತು. ಮೂರನೇ ಸುತ್ತಿಗೆ ಇಡೀ ಗುಂಡು ಒಂದು ಬೆರಳಗಲ ಕೆಳಗಿಳಿಯಿತು, ಅವಳ ಮಣಿಕಟ್ಟಿನಿಂದ ಭುಜದವರೆಗೂ ಜುಮ್ಮೆಂದಿತು.

"ಬಿತ್ತು ಕಣ್ರೀ!" ಎಂದು ಅವಳು ಸಣ್ಣ ಹುಡುಗಿಯ ಹಾಗೆ ಕೂಗಿಬಿಟ್ಟಳು.

ಮರಿಯಪ್ಪ ಗೋಡೆಗೆ ಒರಗಿಸಿದ್ದ ಹಲಗೆಯ ಹಿಂದೆ ಧೂಳು ಹಿಡಿದಿದ್ದ ಅಳತೆಪಟ್ಟಿಯನ್ನು ತಾನೇ ಹುಡುಕಿ ತೆಗೆದ. ಕನ್ನಡಕ ಏರಿಸಿ ಬಾಕ್ಸಿನ ಅಂಚಿನಿಂದ ಗುಂಡು ಎಷ್ಟು ಕೆಳಗೆ ಕೂತಿದೆಯೆಂದು ಅಳೆದ. ಎರಡು ಸಲ ಅಳೆದು, "ಸರಿಯಾಗಿದೆ" ಎಂದ.

ಎಲ್ಲ ಬಿಗಿದು, ಎಣ್ಣೆ ಹಾಕಿ ಮುಗಿಸುವಾಗ ಸಂಜೆ ಐದಾಗಿತ್ತು. ಮಧ್ಯಾಹ್ನದ್ದು ಗಂಡ ಹೆಂಡಿರ ನಡುವೆಯೇ ಉಳಿಯುತ್ತದೆ ಎಂದು ನರಸಮ್ಮ ಅಂದುಕೊಂಡಿದ್ದಳು. ಆದರೆ ಮರಿಯಪ್ಪ ನೇರ ಶಾಂತವ್ವನವರ ಮುಂದೆ ಹೋಗಿ ನಿಂತ.

"ಮೇಡಂ, ನನ್ ಬೆರಳಿಗೆ ಈಗ ಸ್ಪರ್ಶ ಇಲ್ಲ. ನಾನ್ ಕೂರ್ಸಿದ್ದು ತಪ್ಪಾಗಿತ್ತು. ಸರಿಯಾಗಿ ಕೂರ್ಸಿದ್ದು ನಮ್ಮನೆಯವ್ಳು. ಹೇಳ್ದೆ ಗಾಡಿ ಕೊಡೋಕೆ ಮನಸ್ ಬರ್ಲಿಲ್ಲ."

ಶಾಂತವ್ವ ನಕ್ಕರು. "ಹಂಗಾದ್ರ ಅವ್ರೇ ನನ್ ಜೋಡಿ ಟ್ರಯಲ್ಲಿಗೆ ಬರ್ಲಿ ಬಿಡ್ರಿ."

ನರಸಮ್ಮ ಬೇಡ ಬೇಡ ಎಂದಳು. ಸೀರೆಯೆಲ್ಲ ಎಣ್ಣೆ ಎಂದಳು. ಮರಿಯಪ್ಪ ಕೇಳದೆ ಸೀಟಿನ ಮೇಲೆ ಹಳೇ ಪೇಪರು ಹಾಸಿ ಬಾಗಿಲು ತೆರೆದು ನಿಂತ. ಮೂವತ್ನಾಲ್ಕು ವರ್ಷದಲ್ಲಿ ಆ ಶೆಡ್ಡಿನಲ್ಲಿ ರಿಪೇರಿಯಾದ ಒಂದು ಗಾಡಿಯಲ್ಲೂ ಅವಳು ಕೂತಿರಲಿಲ್ಲ.

ಕಾರು ಡಾ. ರಾಜ್‌ಕುಮಾರ್ ರಸ್ತೆ ಹಿಡಿದು, ಸಿಗ್ನಲ್ ದಾಟಿ ಕಾರ್ಡ್ ರೋಡಿನ ಫ್ಲೈಓವರ್ ಏರಿತು. ಮೂವತ್ತು, ನಲವತ್ತು, ಐವತ್ತು. ನರಸಮ್ಮ ಉಸಿರು ಬಿಗಿಹಿಡಿದಿದ್ದಳು. ಒಂದು ಅದುರಾಟವಿಲ್ಲ, ಒಂದು ಸದ್ದಿಲ್ಲ. "ಹಾಲು ಕುಡಿದಂಗ ಹೊಂಟೈತಿ ನೋಡ್ರಿ!" ಎಂದರು ಶಾಂತವ್ವ. ನರಸಮ್ಮನ ಕಣ್ಣು ತಾನಾಗಿ ತುಂಬಿ ಬಂತು. "ಇನ್ನೊಂದ್ ರೌಂಡ್ ಹೋಗಣ್ವಾ ಮೇಡಂ?" ಎಂದು ಕೇಳಿಯೂಬಿಟ್ಟಳು.

ವಾಪಸು ಬರುವಾಗ ಮರಿಯಪ್ಪ ಶೆಡ್ಡು ಬಿಟ್ಟು ರಸ್ತೆಯವರೆಗೆ ಬಂದು ನಿಂತಿದ್ದ. ಗಾಡಿ ನಿಲ್ಲುವ ಮೊದಲೇ ಕಿಟಕಿಗೆ ಬಾಗಿದ.

"ಹೆಂಗಿತ್ತು?"

"ನೀವೇ ಮಾಡ್ದಂಗಿತ್ತು," ಎಂದಳು ನರಸಮ್ಮ.