ಟ್ರಯಲ್‌ಗೆ ಕೊಟ್ಟ ಕೀ

ಮೇಸ್ತ್ರಿಗೆ ಒಂದು ಹುಚ್ಚು. ರಿಪೇರಿ ಮುಗಿದ ಗಾಡಿಯನ್ನು ಓನರ್ ತಾನೇ ಒಂದು ಸುತ್ತು ಓಡಿಸಿ ಬಂದು ಸರಿಯಾಗಿದೆ ಅನ್ನಬೇಕು, ಆಮೇಲೇ ಬಿಲ್ಲು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು, ಒಬ್ಬನೂ ಕೈಕೊಟ್ಟಿರಲಿಲ್ಲ. ಕೊನೆಗೆ ಕೈಕೊಟ್ಟವನು ಬೆನ್ನಿಗೆ ಬಿದ್ದ ತಮ್ಮನೇ ಅಂದರೆ ಏನು ಹೇಳೋಣ!

ತಮ್ಮನ ವ್ಯಾನಿನ ಇಂಜಿನ್ ಪೂರ್ತಿ ಕೆಟ್ಟು ಕೂತಿತ್ತು. ಅದಕ್ಕೆ ಸಾಮಾನು ತರಲು ಮೇಸ್ತ್ರಿ ತನ್ನ ಲೇತ್ ಮಷಿನ್ನನ್ನೇ ಅಡ ಇಟ್ಟ. ಅದು ಹೋದರೆ ವರ್ಕ್‌ಶಾಪ್ ಬರೀ ಪಂಕ್ಚರ್ ಅಂಗಡಿ. ದುಡ್ಡು ಕೈಗೆ ಬರುವ ತನಕ ಕೀ ಕೊಡಬೇಡಿ ಅಂತ ಹೆಂಡತಿ ಬಡಕೊಂಡಳು. ಒಡಹುಟ್ಟಿದವನ ಹತ್ತಿರ ಎಂಥಾ ಅನುಮಾನ ಅಂತ ಅವಳ ಬಾಯಿ ಮುಚ್ಚಿಸಿ, ಈ ಪುಣ್ಯಾತ್ಮ ಕೀ ಕೊಟ್ಟ. ಸುತ್ತು ಹಾಕಲು ಹೋದ ತಮ್ಮ ಮತ್ತೆ ಇತ್ತ ತಲೆ ಹಾಕಲಿಲ್ಲ. ಕೇಳಲು ಹೋದರೆ, ಅಪ್ಪನ ಮನೆ ಪಾಲಾದಾಗ ನನಗೆ ಕಡಿಮೆ ಬಂತು, ಅದಕ್ಕೂ ಇದಕ್ಕೂ ವಜಾ ಅಂದ.

ಮೇಸ್ತ್ರಿ ಕೋರ್ಟಿಗೆ ಹೋದ. ಅವನ ವಕೀಲರು ಬಿಡಿಸಿ ಹೇಳಿದರು. ದುಡ್ಡು ಬರುವವರೆಗೆ ಗಾಡಿ ಹಿಡಿದಿಟ್ಟುಕೊಳ್ಳುವ ಹಕ್ಕು ರಿಪೇರಿಯವನಿಗಿದೆ; ತಾನಾಗಿ ಬಿಟ್ಟುಕೊಟ್ಟರೆ ಅದೂ ಹೋಯಿತು. ಅದಕ್ಕೇ ಜಡ್ಜ್ ಮುಂದೆ, ಮೊಳೆಗೆ ಹಾಕಿದ್ದ ಕೀಯನ್ನು ತಮ್ಮ ಹೇಳದೆ ಕೇಳದೆ ಒಯ್ದ ಅನ್ನಿ, ವ್ಯಾನು ವಾಪಸ್ ಬರುತ್ತದೆ. ಮೇಸ್ತ್ರಿ ಹೂಂಗುಟ್ಟಿದ. ಕೇಸು ಕರೆಯುವ ಹೊತ್ತಿಗೆ ಲೇತ್ ಬಿಡಿಸಿಕೊಳ್ಳಲು ಅವನಿಗೆ ಉಳಿದಿದ್ದು ಒಂದೇ ದಿನ.

ಕೋರ್ಟಿನಲ್ಲಿ ಜಡ್ಜ್ ಕೀ ಕೊಟ್ಟದ್ದು ಯಾರು ಅಂತ ಕೇಳಿದರು. ಎದುರಿಗೆ ತಮ್ಮ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಕಳ್ಳ ಅನ್ನಲು ಮೇಸ್ತ್ರಿಗೆ ನಾಲಿಗೆ ಏಳಲಿಲ್ಲ.

"ನಾನೇ ಕೊಟ್ಟೆ ಸ್ವಾಮಿ. ಓಡಿಸಿ ನೋಡದೆ ಕೆಲಸ ಸರಿಯಾಗಿದೆ ಅಂತ ಹೇಗೆ ಹೇಳೋದು?"

ವಕೀಲರು ಹಣೆ ಹಣೆ ಚಚ್ಚಿಕೊಂಡರು. ವ್ಯಾನಿನ ಮೇಲೆ ಮೇಸ್ತ್ರಿಗೆ ಹಕ್ಕಿಲ್ಲ, ದುಡ್ಡಿಗೆ ಬೇರೆ ದಾವಾ ಹಾಕಲಿ ಅಂತ ಆಯಿತು. ಅದು ಮುಗಿಯಲು ಎಷ್ಟು ವರ್ಷವೋ.

ಹೊರಗೆ ಮೆಟ್ಟಿಲ ಮೇಲೆ ತಮ್ಮ ಎದುರಾದ. ಮಾನ ಉಳಿಸಿದ್ದಕ್ಕಾದರೂ ಇವನ ಮನಸ್ಸು ಕರಗೀತು ಎಂಬ ಆಸೆ ಮೇಸ್ತ್ರಿಗೆ. ದುಡ್ಡಿನ ಮಾತೆತ್ತಲು ನಾಚಿಕೆಯಾಗಿ, ವ್ಯಾನು ಹೇಗಿದೆ ಅಂತ ಕೇಳಿದ.

"ಹೋದ ವಾರವೇ ಮಾರಿಬಿಟ್ಟೆ ಅಣ್ಣ. ಇಂಜಿನ್ ನೋಡಿ ಒಳ್ಳೇ ರೇಟು ಕೊಟ್ಟರು."

ಮೇಸ್ತ್ರಿ ಬಯ್ಯಬೇಕು ಅಂತಲೇ ಬಾಯಿ ತೆರೆದ.

"ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು. ತಗೊಂಡವರಿಗೆ ಹೇಳಿದ್ದೀಯೇನೋ?"

ತಮ್ಮ ಮೆಟ್ಟಿಲು ಇಳಿದು ಹೋದ. ಮೇಸ್ತ್ರಿ ಅಲ್ಲೇ ಮೆಟ್ಟಿಲ ಮೇಲೆ ಕೂತು, ಬರುವವರು ಹೋಗುವವರು ನೋಡುತ್ತಿದ್ದಾರೆ ಅನ್ನುವ ಪರಿವೆಯೂ ಇಲ್ಲದೆ, ಬಿಕ್ಕಿ ಬಿಕ್ಕಿ ಅತ್ತ.